ವಿಮಾನದ ಕರೆಂಟು ಮತ್ತು ನನ್ನ ಸುಳ್ಳು ಹೂಂ

ಚಿನ್ನೀ, ಪುಟ್ಟೂ, ಮೊನ್ನೆ ನೀವಿಬ್ಬರೂ ಬಂದು, "ಆಯೀ, ಮ್ಯಾಲ ಹಾರೂ ವಿಮಾನಕ್ಕ ಕರೆಂಟ್ ಎಲ್ಲಿಂದ ಬರ್ತದ? ನಿನಗ ಗೊತ್ತದಂತ ಅವ್ವ ಹೇಳಿದ್ಲು" ಎಂದು ಕೇಳಿದಾಗ ನಾನು ಹಾಲು ಉಕ್ಕುತ್ತದೆಂದು ನೆವ ಹೇಳಿ ಒಳಗೆ ಹೋದೆ. ಗೊತ್ತಿದೆ ಅನ್ನಲಾರೆ, ಗೊತ್ತಿಲ್ಲ ಅಂದರೂ ಪೂರ್ತಿ ಖರೆಯಾಗುವುದಿಲ್ಲ. ಎದುರಿಗೆ ಕೂತು ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರವಿದೆಯಲ್ಲ, ಬರೆಯುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಅಜ್ಜ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು ದೇಶಪಾಂಡೆ ನಗರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ನನ್ನ ಮಗಳು, ಅಂದರೆ ನಿಮ್ಮ ಅವ್ವ, ಅಲ್ಲೇ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಮುಂಬೈಯಲ್ಲಿ ವಿಮಾನ ದುರಸ್ತಿ ಮಾಡುವ ಕಡೆ ತರಬೇತಿಗೆ ಸೇರಿದ್ದಳು. ಕೆಲಸ ಕೈಗೆ ಹತ್ತಿತ್ತು, ಲೈಸೆನ್ಸ್ ಮಾತ್ರ ಸಿಕ್ಕಿರಲಿಲ್ಲ. ಬರೆಯುವ ಪರೀಕ್ಷೆ ಪಾಸಾಗಿದ್ದಳು. ಆಮೇಲೆ ಸಾಹೇಬರ ಎದುರು ಕೂತು ಬಾಯಿಂದ ಉತ್ತರ ಹೇಳುವ ಪರೀಕ್ಷೆ ಇರುತ್ತದಂತೆ. ಅದರಲ್ಲಿ ಎರಡು ಸಲ ನಪಾಸಾದಳು. ಮೂರನೆಯ ಸಲವೂ ಆಗದಿದ್ದರೆ ಅವಳ ಜಾಗ ಬೇರೆಯವರಿಗೆ ಎಂದು ಹೇಳಿ, ಓದಲು ಒಂದು ತಿಂಗಳ ರಜೆ ಕೊಟ್ಟು ಕಳಿಸಿದ್ದರು.

ಬಂದವಳು ಎರಡು ದಿನ ಪುಸ್ತಕ ತೆರೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಾಗ ಮಣೆ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳು.

"ಅವ್ವಾ, ನಾ ಕನ್ನಡದಾಗ ಹೇಳ್ತೇನಿ, ನೀ ಕೇಳು. ನಿನಗ ತಿಳೀತಂದ್ರ ಆ ಸಾಹೇಬರಿಗೂ ತಿಳೀತದ."

"ನನಗೇನ್ ತಿಳೀತದವಾ?"

"ತಿಳೀತದ ಬೇ. ಯಾರರೆ ಕೇಳಾಕತ್ತಾರ ಅಂದ್ರ ನನಗ ಬಾಯಿ ಬರ್ತದ."

ಹೀಗೆ ಶುರುವಾಯಿತು. ನಾನು ರೊಟ್ಟಿ ಬಡಿಯುವುದು, ಅವಳು ಹೇಳುವುದು, ನಾನು ಹೂಂ ಅನ್ನುವುದು. ನಮ್ಮ ಊರಲ್ಲಿ ಯಾರಾದರೂ ಕತೆ ಹೇಳಿದರೆ ಕೇಳುವವರು ಹೂಂಗುಡಲೇಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಆ ರೂಢಿಯಿಂದ ನಾನು ಒಂದು ಮಾತಿಗೆ ಒಂದು ಹೂಂ ಸೇರಿಸುತ್ತ ಹೋದೆ.

ಮೊದಲ ದಿನದ ಪಾಠ ಅಷ್ಟು ಕಷ್ಟವೆನಿಸಲಿಲ್ಲ. ವಿಮಾನದ ಎಂಜಿನ್ ತಿರುಗುವಾಗ ಅದರ ಜೊತೆಗೆ ಜನರೇಟರು ತಿರುಗುತ್ತದೆ, ಅದೇ ಕರೆಂಟು ಹುಟ್ಟಿಸುತ್ತದೆ. ಎರಡು ಎಂಜಿನ್ ಇದ್ದರೆ ಎರಡು ಜನರೇಟರು. ಬ್ಯಾಟರಿ ಇರುತ್ತದೆ, ಆದರೆ ಅದು ಶುರು ಮಾಡುವುದಕ್ಕೆ ಮತ್ತು ಅಡಚಣೆಯ ಹೊತ್ತಿಗೆ. ನಮ್ಮ ಮನೆಯ ಕರೆಂಟು ಒಂದು ಸೆಕೆಂಡಿಗೆ ಐವತ್ತು ಸಲ ಅತ್ತಿತ್ತ ಓಡಾಡಿದರೆ ವಿಮಾನದ್ದು ನಾನೂರು ಸಲ ಓಡಾಡುತ್ತದಂತೆ. ಹಾಗೆ ಮಾಡಿದರೆ ಯಂತ್ರಗಳನ್ನು ಸಣ್ಣದಾಗಿ, ಹಗುರಾಗಿ ಕಟ್ಟಬಹುದಂತೆ. ಅತ್ತಿತ್ತ ಓಡಾಡುವುದು ಮುಂದಕ್ಕೆ ಹೇಗೆ ಹೋಗುತ್ತದೆಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಹೂಂ ಅಂದೆ.

ಎಂಜಿನ್ ಜೋರಾಗಿ ತಿರುಗಲಿ, ನಿಧಾನ ತಿರುಗಲಿ, ನಡುವೆ ಒಂದು ಯಂತ್ರ ಕೂತು ಜನರೇಟರನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ ಅಂದಳು. ಎತ್ತು ಓಡಿದರೂ ನಡೆದರೂ ಗಾಲಿ ಒಂದೇ ಸಮ ಉರುಳುವುದೆಂದರೆ ಹೇಗೆ? ಅದಕ್ಕೂ ಹೂಂ.

ಅಷ್ಟರಲ್ಲಿ ನಮ್ಮ ಕರೆಂಟು ಹೋಯಿತು. ಆ ವರ್ಷ ದಿನಕ್ಕೆರಡು ಸಲ ತೆಗೆಯುತ್ತಿದ್ದರು.

"ವಿಮಾನದಾಗೂ ಲೋಡ್ ಶೆಡ್ಡಿಂಗ್ ಅದ ಬೇ" ಎಂದು ನಿಮ್ಮ ಅವ್ವ ನಕ್ಕಳು. "ಒಂದು ಜನರೇಟರ್ ಕೆಟ್ತಂದ್ರ ಇನ್ನೊಂದರ ಮ್ಯಾಲ ಭಾರ ಬೀಳ್ತದಲ್ಲ, ಅದಕ್ಕ ಮೊದಲ ಅಡಿಗಿಮನಿ ಕರೆಂಟ್ ತಗೀತಾರ."

"ಅಲ್ಲೂ ಅಡಿಗಿಮನೀದೇ ಮೊದಲೇನು? ಯಾರ್ ಮಾಡಿದ್ರವಾ ಆ ಕಾಯ್ದೆ?"

ನಾನು ಮನಸ್ಸಿನಿಂದ ಕೇಳಿದ ಪ್ರಶ್ನೆ ಅದೊಂದೇ. ಉಳಿದದ್ದೆಲ್ಲ ಹೂಂ.

ಹತ್ತು ದಿನ ಹೀಗೆ ನಡೆಯಿತು. ತಂತಿಗೆ ಹೆಚ್ಚು ಕರೆಂಟು ಹರಿದರೆ ಟಪ್ ಎಂದು ಹೊರಗೆ ಬರುವ ಗುಂಡಿಗಳು ವಿಮಾನದಲ್ಲಿ ಸಾಲುಸಾಲಾಗಿ ಇರುತ್ತವೆ, ಬ್ರೇಕರ್ ಅನ್ನುತ್ತಾರೆ. ನಮ್ಮ ಫ್ಯೂಜಿನ ಅಕ್ಕತಂಗಿಯರು. ಫ್ಯೂಜು ಇರುವುದು ದೀಪ ಸುಡಬಾರದೆಂದು ಅಂದುಕೊಂಡಿದ್ದೆ. ಅಲ್ಲವಂತೆ. ದೀಪ ಸುಟ್ಟರೆ ಸುಡಲಿ, ತಂತಿ ಸುಡಬಾರದು. ವಿಮಾನದ ಗೋಡೆಯ ಹಿಂದೆ ಮೈಲುಗಟ್ಟಲೆ ತಂತಿ ಕಟ್ಟುಕಟ್ಟಾಗಿ ಹೋಗಿರುತ್ತದೆ. ಒಂದಕ್ಕೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೂ ಹತ್ತುತ್ತದೆ, ಮೇಲಿಂದ ಇಳಿದು ಓಡಲಿಕ್ಕಾಗುವುದಿಲ್ಲ. ಹೊರಗೆ ಬಂದ ಗುಂಡಿಯನ್ನು ಏಕೆ ಬಂತೆಂದು ಕೇಳದೆ ಮತ್ತೆ ಮತ್ತೆ ಒತ್ತಬಾರದು. ಇದಿಷ್ಟು ಮಾತ್ರ ನನಗೆ ಗಟ್ಟಿಯಾಗಿ ತಲೆಗೆ ಹತ್ತಿತು, ಏಕೆಂದರೆ ನಾನೇ ನಮ್ಮ ಮನೆಯ ಫ್ಯೂಜು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿದ್ದೆ. ಸುಮ್ಮನೆ ಎದ್ದು ಹೋಗಿ ಬಾಜೂ ಮನೆಯವರಿಂದ ಅದನ್ನು ತೆಗೆಸಿ ತೆಳ್ಳನೆಯ ತಂತಿ ಹಾಕಿಸಿಕೊಂಡೆ, ನಿಮ್ಮ ಅವ್ವನಿಗೆ ಹೇಳಲಿಲ್ಲ.

ಹನ್ನೊಂದನೆಯ ದಿನ ನನ್ನ ಅಣ್ಣ ಊರಿಂದ ಜೋಳದ ಚೀಲ ತಂದ. ಚೀಲ ಇಳಿಸಿ ಕಂಬಕ್ಕೆ ಒರಗಿ ಕೂತು ಚಹಾ ಕುಡಿಯುತ್ತ ನಮ್ಮಿಬ್ಬರ ಪಾಠ ಕೇಳಿದ. ಅಂದು ನಿಮ್ಮ ಅವ್ವ ಹೇಳುತ್ತಿದ್ದದ್ದು ಎಲ್ಲಕ್ಕಿಂತ ಕಠಿಣದ್ದು. ಜನರೇಟರಿನ ಮುಂದೊಂದು, ಹಿಂದೊಂದು ಉಂಗುರದಂಥ ಅಳತೆ ಯಂತ್ರ ಕೂಡಿಸಿರುತ್ತಾರೆ. ಎರಡರ ಅಳತೆ ಒಂದೇ ಇದ್ದರೆ ಎಲ್ಲ ಸರಿ. ಬೇರೆ ಬೇರೆ ಬಂದರೆ ನಡುವೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ, ಜನರೇಟರು ಆ ಕ್ಷಣವೇ ಬಂದ್ ಆಗಬೇಕು. ನಾನು ಹೂಂ, ಹೂಂ ಅನ್ನುತ್ತಲೇ ಇದ್ದೆ.

"ಏನ್ ತಂಗೀ, ರೊಟ್ಟಿ ಬಡಕೋತ ಬಡಕೋತ ನೀನೂ ವಿಮಾನ ಹಾರಸಾಕಿ ಏನು?" ಎಂದ ಅಣ್ಣ. "ಅಲ್ಲ, ನಿನಗ ತಿಳ್ಯಾಕತ್ತದ?"

"ತಿಳೀತದ."

"ಹಂಗಾರ ನನಗೊಂದೀಟು ಹೇಳು, ನೋಡೂಣು. ಮುಂದ ಅಳೀತಾರಂತ, ಹಿಂದ ಅಳೀತಾರಂತ. ಯಾಕ?"

ನಾನು ತವೆಯ ಮೇಲಿನ ರೊಟ್ಟಿ ತಿರುವಿದೆ. ಇನ್ನೊಮ್ಮೆ ತಿರುವಿದೆ.

ಅಣ್ಣ ಹೊಟ್ಟೆ ಹಿಡಿದು ನಕ್ಕ. "ಕೂಸ, ನಿಮ್ಮವ್ವ ಸಾಲ್ಯಾಗೂ ಹಿಂಗ ಇದ್ಲು. ಮಾಸ್ತರ ಏನ್ ಅಂದ್ರೂ ಹೂಂ. ಒಂದ್ಸಲ ಅವರು, ನಿನ್ನ ಸಾಲಿ ಬಿಡಸ್ಲೇನಂತ ಕೇಳಿದ್ರು, ಅದಕ್ಕೂ ಹೂಂ ಅಂದಾಕಿ!"

ನಿಮ್ಮ ಅವ್ವ ನಗಲಿಲ್ಲ. "ಹತ್ತ ದಿನದಿಂದ ಸುಳ್ಳ ಹೂಂ ಅಂತಿದ್ಯಾ ಬೇ?" ಎಂದು ಕೇಳಿದಳು.

ನಾನು ಅದಕ್ಕೂ ಹೂಂ ಅಂದೆ. ಅವಳು ಪುಸ್ತಕ ಮುಚ್ಚಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು.

ಅಣ್ಣ ಬಸ್ಸಿಗೆ ಹೋದ ಮೇಲೆ ಅವಳನ್ನು ಊಟಕ್ಕೆ ಕರೆಯಲು ಹೋದೆ. ಅವಳ ಕಣ್ಣು ಕೆಂಪಾಗಿದ್ದವು. ಸಿಟ್ಟು ನನ್ನ ಮೇಲಲ್ಲ ಎಂದು ಆಗ ಗೊತ್ತಾಯಿತು.

"ನಾನೂ ಹಂಗ ಮಾಡೇನಿ ಬೇ" ಎಂದಳು. "ಆ ಸಾಹೇಬರು ಪ್ರಶ್ನೆ ಕೇಳಿ ತಿಳೀತೇನಂತಾರ. ತಿಳಿದಿರೂದಿಲ್ಲ, ನಾ ಗೋಣು ಹಾಕತೇನಿ. ಆಮ್ಯಾಲ ಉತ್ತರ ಹೇಳು ಅಂದ್ರ ಸುಮ್ಮ ಕೂಡತೇನಿ. ಎರಡೂ ಸಲ ಹಂಗ ಆತು."

ಈ ಚಾಳಿ ಅವಳಿಗೆ ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳ ಜಾಗ ಹೋದರೆ ಅದರಲ್ಲಿ ನನ್ನ ಪಾಲೂ ಇದೆ ಎಂದು ಆ ಮಧ್ಯಾಹ್ನವೆಲ್ಲ ಅನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಬಂದು ಕೂರಲಿಲ್ಲ. ನಾನೇ ಕರೆದೆ. ಹಿಟ್ಟು ನಾದುತ್ತ, ಅವಳ ಮುಖ ನೋಡದೆ, ಹಿಂದಿನ ದಿನದಿಂದ ಒಳಗೇ ತಿರುಗುತ್ತಿದ್ದದ್ದನ್ನು ಕೇಳಿದೆ.

"ಮುಂದ ಅಳಿಯೂದು ನನಗ ತಿಳೀತು. ಕರೆಂಟ್ ಅಲ್ಲಿಂದ ಹೊರಗ ಹೊಂಟದ. ಹಿಂದ ಯಾಕ ಅಳೀತಾರ? ಅಲ್ಲಿ ಅದು ಇನ್ನೂ ಹುಟ್ಟೇ ಇಲ್ಲಲ್ಲ."

"ಅದು ಹಂಗ ಅಲ್ಲ ಬೇ. ಹಿಂದಿನ ಉಂಗುರ ನ್ಯೂಟ್ರಲ್ ಕಡೆ ಇರ್ತದ."

"ನನಗ ತಿಳೀಲಿಲ್ಲ."

ಚಿನ್ನೀ, ಪುಟ್ಟೂ, ಈ ಎರಡು ಶಬ್ದ ಹೇಳಲು ನನಗೆ ಇಡೀ ರಾತ್ರಿ ಬೇಕಾಯಿತು ಎಂದರೆ ನೀವು ನಗುತ್ತೀರಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಹೇಳಲಿಕ್ಕೆ!

ಅವಳು ಪುಸ್ತಕದಲ್ಲಿದ್ದ ಚಿತ್ರ ತೋರಿಸಿದಳು. ತಿಳಿಯಲಿಲ್ಲ ಅಂದೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಗಡಗಡ ಓದಿ ಕನ್ನಡದಲ್ಲಿ ಹೇಳಿದಳು. ತಿಳಿಯಲಿಲ್ಲ ಅಂದೆ. "ಪುಸ್ತಕದಾಗ ಹಂಗ ಐತಿ, ನೀ ಕಟಿಪಿಟಿ ಮಾಡಬ್ಯಾಡ" ಎಂದು ರೇಗಿದಳು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಅವಳ ಕಡೆ ತಿರುಗಿ ಕೂತೆ. ಅವಳು ಚಿತ್ರದ ಮೇಲೆ ಬೆರಳಾಡಿಸಿದಳು. ಮೆಲ್ಲಗೆ, "ಯಾಕಂತ ನನಗೂ ಗೊತ್ತಿಲ್ಲ ಬೇ. ಚಿತ್ರ ಬಾಯಿಪಾಠ ಮಾಡೇನಿ" ಎಂದಳು.

ಆಮೇಲೆ ಹಿಟ್ಟು ನಾದುವ ಕೊಣಮಿಗೆಯಲ್ಲಿದ್ದ ಒಣಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿ ಬೆರಳಿನಿಂದ ಚಿತ್ರ ಬರೆಯತೊಡಗಿದಳು. ಒಂದು ದುಂಡನೆಯ ಗೆರೆ ಜನರೇಟರು. ಅದರಿಂದ ಹೊರಟ ಗೆರೆ ದೀಪಕ್ಕೆ. ದೀಪದಿಂದ ಮುಂದೆ ಬೆರಳು ನಿಂತಿತು. ಅಳಿಸಿದಳು, ಮತ್ತೆ ಬರೆದಳು. ಎಷ್ಟೋ ಸಲ ಅಳಿಸಿದ ಮೇಲೆ ದೀಪದಿಂದ ಗೆರೆಯನ್ನು ಸುತ್ತಿಸಿ ತಂದು ಜನರೇಟರಿನ ಬೆನ್ನಿಗೆ ಮುಟ್ಟಿಸಿದಳು.

"ಅವ್ವಾ! ಅದು ವಾಪಸ್ ಬರ್ತದ ಬೇ! ವಿಮಾನದ ಮೈಯೇ ವಾಪಸ್ ಬರೂ ದಾರಿ. ಅದಕ್ಕ ಹಿಂದ ಅಳಿಯೂದು!"

"ದೀಪ ಉರಿಸಿದ ಮ್ಯಾಲ ಏನ್ ಉಳೀತದವಾ ವಾಪಸ್ ಬರಾಕ? ಖರ್ಚಾಗಿರೂದಿಲ್ಲೇನು?"

ಅವಳು ತಲೆ ಕೆರೆದುಕೊಂಡಳು. "ಗಿರಣ್ಯಾಗ ಪಟ್ಟಾ ಇರ್ತದಲ್ಲ, ಮೋಟಾರಿನಿಂದ ಕಲ್ಲಿಗೆ. ಅದು ಕಲ್ಲು ತಿರುಗಸ್ತದ, ಕಾಳು ಬೀಸ್ತದ, ಆದ್ರ ಪಟ್ಟಾ ಎಷ್ಟು ಹೋಗ್ತದೋ ಅಷ್ಟ ತಿರುಗಿ ಬರ್ತದ. ಖರ್ಚಾಗೂದು ಪಟ್ಟಾ ಅಲ್ಲ, ಅದರ ಜಗ್ಗಾಟ."

"ಮತ್ತ ನಡುವ ಸೋರಿದ್ರ?"

"ಸೋರಿದ್ದು ಮುಂದಿನ ಉಂಗುರ ದಾಟೂದೇ ಇಲ್ಲ. ಅಡ್ಡದಾರಿಲೆ ವಿಮಾನದ ಮೈಯಾಗಿಂದ ಹಿಂದಿನ ಉಂಗುರಕ್ಕ ಬರ್ತದ. ಹಿಂದ ಹೆಚ್ಚು, ಮುಂದ ಕಡಿಮಿ. ಲೆಕ್ಕ ತಪ್ತು, ಜನರೇಟರ್ ಬಂದ್!"

ಅಷ್ಟು ಹೊತ್ತಿಗೆ ತವೆ ಕಾದು ಹೊಗೆಯಾಡುತ್ತಿತ್ತು. ಅಂದು ಖಾನಾವಳಿಗೆ ರೊಟ್ಟಿ ತಡವಾಗಿ ಹೋದವು, ಬೈಸಿಕೊಂಡೆ. ಅವಳಿಗೆ ತಿಳಿದಿತ್ತು. ನನಗೆ ಅರ್ಧ. ಪಟ್ಟಾ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ವಿಮಾನದ ಮೈಯಲ್ಲೆಲ್ಲ ಕರೆಂಟು ಹರಿಯುತ್ತಿದ್ದರೆ ಒಳಗೆ ಕೂತವರಿಗೆ ಏಕೆ ಹೊಡೆಯುವುದಿಲ್ಲ? ಕೇಳಿದೆ. ಏನೋ ಹೇಳಿದಳು. ತಿಳಿಯಲಿಲ್ಲ ಅಂದೆ. ಈ ಸಲ ರೇಗಲಿಲ್ಲ, ಬೇರೆ ರೀತಿಯಲ್ಲಿ ಹೇಳಿದಳು. ಅದೂ ತಿಳಿಯಲಿಲ್ಲ. ಉಳಿದ ದಿನಗಳೆಲ್ಲ ಹೀಗೇ ಕಳೆದವು. ನನ್ನ ಗೊಂದಲಕ್ಕೆ ಕೊನೆಯೇ ಇರಲಿಲ್ಲ, ಅವಳು ಮಾತ್ರ ಒಂದೊಂದನ್ನೇ ಹಿಟ್ಟಿನಲ್ಲಿ ಬರೆದು ಬರೆದು ಬಿಡಿಸಿಕೊಳ್ಳುತ್ತಿದ್ದಳು.

ರಜೆ ಮುಗಿದು ಅವಳು ಮುಂಬೈಗೆ ಹೋದಳು. ಪರೀಕ್ಷೆಯ ದಿನ ಬಾಜೂ ಮನೆಗೆ ಅವಳ ಫೋನು ಬರುವುದಿತ್ತು. ನಾಲ್ಕು ಗಂಟೆಗೆ ಹೋಗಿ ಅವರ ಪಡಸಾಲೆಯಲ್ಲಿ ಗೋಡೆ ಹಿಡಿದು ಕೂತೆ. ಐದೂವರೆಗೆ ಫೋನಿನ ಗಂಟೆ ಬಾರಿಸಿತು. ಆ ಕಡೆ ರಸ್ತೆಯ ಗದ್ದಲ, ನಡುವೆ ಇವಳ ದನಿ.

"ಅವ್ವಾ, ಉಂಗುರದ್ದು ಕೇಳಲೇ ಇಲ್ಲ ಬೇ! ಬ್ರೇಕರಿಂದು ಕೇಳಿದ್ರು, ಏನೇನೋ ಸುತ್ತಿ ಬಳಸಿ ಇಂಗ್ಲಿಷಿನ್ಯಾಗ. ತಿಳೀತೇನಂದ್ರು."

"ಹೂಂ."

"ತಿಳೀಲಿಲ್ಲ ಸರ್, ಇನ್ನೊಮ್ಮೆ ಕೇಳ್ರಿ ಅಂದೆ. ಅವರು ಕನ್ನಡಕ ತಗದು ನನ್ನ ನೋಡಿದ್ರು. ಆಮ್ಯಾಲ ಸರಳ ಮಾಡಿ ಕೇಳಿದ್ರು. ಹೊರಗ ಬಂದ ಗುಂಡಿ ಯಾಕ ಸುಮ್ಮ ಸುಮ್ಮ ಒತ್ತಬಾರದಂತ. ಹೇಳಿದೆ. ಮತ್ತ ನಾಕು ಕೇಳಿದ್ರು. ಒಂದು ಗೊತ್ತಿರಲಿಲ್ಲ, ಗೊತ್ತಿಲ್ಲಂದೆ. ಉಳಿದದ್ದು ಹೇಳಿದೆ."

"ಹೂಂ."

"ತಿಳೀತೇನ್ ಬೇ?"

"ಇಲ್ಲವಾ. ಪಾಸಾದ್ಯೋ ಇಲ್ಲೋ, ಅಷ್ಟ ಹೇಳು."

"ಪಾಸಾದೆ ಬೇ! ಪಾಸಾದೆ!"

ಫೋನು ಇಟ್ಟ ಮೇಲೆ ಬಾಜೂ ಮನೆಯವರು ಏನಾಯಿತೆಂದು ಕೇಳಿದರು. ಪಾಸಂತ್ರಿ ಅಂದೆ. ಯಾವ ಪರೀಕ್ಷೆ, ಏನು ಓದಿದ್ದಾಳೆ ಎಂದು ಕೇಳಿದರು. ವಿಮಾನದ ಕರೆಂಟ್ರಿ, ಹೋಗಿದ್ದು ವಾಪಸ್ ಬರ್ತದಂತ್ರಿ ಎಂದೆ. ಅವರು ಹೂಂ ಅಂದರು.

ಇದರಲ್ಲಿ ನಾನು ಬರೆದದ್ದು ಎಷ್ಟು ಸರಿ, ಎಷ್ಟು ತಪ್ಪೋ ನನಗೆ ಗೊತ್ತಿಲ್ಲ. ನಿಮ್ಮ ಅವ್ವನ ಕೈಗೆ ಸಿಕ್ಕರೆ ಪೆನ್ನು ಹಿಡಿದು ತಿದ್ದಲು ಕೂರುತ್ತಾಳೆ, ತಿದ್ದಲು ಬಿಡಬೇಡಿ. ನೀವು ಓದಿ, ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಒಂದು ಗೆರೆ ಎಳೆದು ಅವಳನ್ನು ಬಾಯಿಬಿಟ್ಟು ಕೇಳಿರಿ. ಹಾಳೆ ಮಾತ್ರ ಮಡಚದೆ, ನೀರು ತಾಗದ ಕಡೆ, ಇಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿರಿ.