ಊಟದ ಹೊತ್ತಿಗೆ ಓದದೆ ಬಿಟ್ಟ ಅಧ್ಯಾಯ

ಮಲೇಷ್ಯಾದ ನಿಲಾಯ್‌ನಲ್ಲಿ ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ಹುಡುಗಿಯರೆಲ್ಲ ಕರ್ನಾಟಕದವರು; ಉಪ್ಪಿನಕಾಯಿ ಜಗಳದಿಂದ ಹಿಡಿದು ಜ್ವರದವರೆಗೆ ಎಲ್ಲವೂ ನನ್ನ ಬಾಗಿಲಿಗೇ ಬರುತ್ತದೆ. ಆ ಭಾರವನ್ನು ಅರ್ಧಕ್ಕರ್ಧ ಹೊತ್ತಿದ್ದವಳು ನನ್ನ ಸಹಾಯಕಿ, ಹುಬ್ಬಳ್ಳಿಯವಳು. ಮಧ್ಯಯುಗದ ಜರ್ಮನಿಯಲ್ಲಿ ಸನ್ಯಾಸಿನಿಯರ ಮಠವೊಂದನ್ನು ಆಳಿದ ಒಡತಿಯ ಬಗ್ಗೆ ಅವಳು ಪಿಎಚ್‌ಡಿ ಮಾಡುತ್ತಿದ್ದಳು.

ಆ ಮಠದಲ್ಲಿ ಊಟದ ಹೊತ್ತಿಗೆ ಮಾತಿಲ್ಲವಂತೆ. ಒಬ್ಬಳು ಓದಬೇಕು, ಉಳಿದವರು ಕೇಳುತ್ತ ಉಣ್ಣಬೇಕು. ಆ ಪದ್ಧತಿಯನ್ನು ಅವಳು ನಮ್ಮಲ್ಲೂ ತಂದಳು. ಭಾನುವಾರ ಮಧ್ಯಾಹ್ನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಪರೋಟದಂಥ ರೋಟಿ ಚನಾಯ್ ತಪಾವ್ ಮಾಡಿಸುವುದು, ಅಂದರೆ ಕಟ್ಟಿಸಿ ತರುವುದು, ಅವಳು ತನ್ನ ಥೀಸಿಸ್ಸನ್ನು ಕನ್ನಡ ಮಾಡಿ ಓದುವುದು. ಹುಡುಗಿಯರ ಮೌನ ತಟ್ಟೆಯಲ್ಲಿ ರೋಟಿ ಇರುವಷ್ಟು ಹೊತ್ತು ಮಾತ್ರ.

ನನಗಂತೂ ಆ ಒಡತಿ ಹಿಡಿಸಿಬಿಟ್ಟಳು. ಎಳವೆಯಲ್ಲೇ ಅವಳನ್ನು ಮಠಕ್ಕೆ ಒಪ್ಪಿಸಿದ್ದರು. ಮುಂದೆ ಸನ್ಯಾಸಿನಿಯರೇ ಅವಳನ್ನು ಆರಿಸಿ ಮೇಲೆ ಕೂರಿಸಿದರು. ಬೇರೆ ಜಾಗದಲ್ಲಿ ಸ್ವಂತ ಮಠ ಕಟ್ಟುತ್ತೇನೆಂದಾಗ ಅವಳ ಮೇಲಧಿಕಾರಿಯಾಗಿದ್ದ ಗುರು ಒಪ್ಪಲಿಲ್ಲ. ಇವಳು ಹಾಸಿಗೆ ಹಿಡಿದು ಕಲ್ಲಿನ ಹಾಗೆ ಮಲಗಿದಳು. ಅವನು ಹೂಂ ಅಂದ ಮೇಲೆಯೇ ಎದ್ದದ್ದು. ಹಠ ಅಂದರೆ ಹೀಗಿರಬೇಕು ಎಂದು ನಾನು ಚಪ್ಪಾಳೆ ತಟ್ಟಿದ್ದೆ.

ಅಷ್ಟರಲ್ಲಿ ಸಹಾಯಕಿಗೆ ಪೆನಾಂಗಿನ ಹಾಸ್ಟೆಲ್ಲೊಂದರಲ್ಲಿ ವಾರ್ಡನ್ ಕೆಲಸ ಹೆಚ್ಚುಕಡಿಮೆ ಸಿಕ್ಕಿಯೇಬಿಟ್ಟಿತು. ಬಾಕಿ ಇದ್ದದ್ದು ನನ್ನ ಶಿಫಾರಸು ಪತ್ರ. ಇವತ್ತು ಬರೀತೀನಿ, ನಾಳೆ ಬರೀತೀನಿ ಎಂದು ಎರಡು ವಾರ ತಳ್ಳಿದೆ. ಲ್ಯಾಪ್‌ಟಾಪ್ ತೆರೆದರೆ ನೀರಿನ ಫಿಲ್ಟರ್ ನೆನಪಾಗುತ್ತಿತ್ತು, ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹಾಸ್ಟೆಲ್ಲು ಯಾರು ನಡೆಸುತ್ತಾರೆ ಎಂಬುದೆಲ್ಲ ನೆಪ. ಅವಳಿಲ್ಲದ ಸಂಜೆಗಳನ್ನು ನೆನೆದರೆ ನನಗೆ ಭಯವಾಗುತ್ತಿತ್ತು.

ಪತ್ರ ಸೋಮವಾರ ತಲುಪಬೇಕಿತ್ತು. ಅದರ ಹಿಂದಿನ ದಿನ ಊಟಕ್ಕೆ ಕೂತಾಗ, ಓದುತ್ತಿದ್ದವಳು ಒಮ್ಮೆಗೇ ಏಳೆಂಟು ಹಾಳೆ ಮಗುಚಿದಳು.

“ಅದ್ಯಾಕೆ ಬಿಟ್ಟೆ?” ಎಂದೆ.

“ಅದ ಭಾಳ ಉದ್ದ ಐತ್ರಿ ಅಕ್ಕಾರ. ಬ್ಯಾಡ ಬಿಡ್ರಿ.”

“ಓದಮ್ಮ. ಅರ್ಧ ಕತೆ ಕೇಳಿದ್ರೆ ನಂಗೆ ಊಟ ಇಳಿಯಲ್ಲ.”

ಓದಿದಳು. ಒಡತಿಗೆ ಒಬ್ಬ ಪ್ರೀತಿಯ ಶಿಷ್ಯೆ. ಬರವಣಿಗೆಗೂ ಅವಳೇ ಜೊತೆ. ದೂರದ ಇನ್ನೊಂದು ಮಠ ಆ ಶಿಷ್ಯೆಯನ್ನು ತನ್ನ ಒಡತಿಯಾಗಿ ಆರಿಸಿತು. ಈ ಒಡತಿ ಬಿಡಲೊಲ್ಲಳು. ಶಿಷ್ಯೆಯ ತಾಯಿಗೆ ಬರೆದಳು, ಬಿಷಪ್ಪನಿಗೆ ಬರೆದಳು, ಕೊನೆಗೆ ಪೋಪನವರೆಗೂ ಹೋದಳು. ಯಾರೂ ಕೇಳಲಿಲ್ಲ. ಶಿಷ್ಯೆ ಹೋದಳು, ಹೋದಲ್ಲಿ ಬಹಳ ದಿನ ಬದುಕಲಿಲ್ಲ.

“ಸೋ ಸೆಲ್ಫಿಶ್ ಲಾ, ಆ ಮದರ್ ಸುಪೀರಿಯರ್,” ಎಂದಳು ಹುಡುಗಿಯೊಬ್ಬಳು, ಇಲ್ಲಿನವರ ಇಂಗ್ಲಿಷಿನ ಧಾಟಿಯಲ್ಲಿ.

ಸಹಾಯಕಿ ಹಾಳೆಯಿಂದ ತಲೆ ಎತ್ತಲಿಲ್ಲ. “ಹಂಗನಬ್ಯಾಡ. ಆಕಿ ಭಾಳ ಹಚ್ಕೊಂಡಿದ್ಲು.”

ನನ್ನ ಮಾನ ಉಳಿಸಲಿಕ್ಕೇ ಅವಳು ಆ ಹಾಳೆಗಳನ್ನು ಮಗುಚಿದ್ದಳು. ನಾಚಿಕೆಯಾಗಿ ಅರ್ಧ ರೋಟಿಗೇ ಎದ್ದೆ. ಕೈ ತೊಳೆದು ಕೋಣೆಗೆ ಹೋಗಿ, ಕೂತಲ್ಲಿಂದ ಏಳದೆ ಪತ್ರ ಬರೆದು ಕಳಿಸಿದೆ. ಅವಳ ತಾಳ್ಮೆ, ಕೆಲಸ, ಮನಸ್ಸು, ಎಲ್ಲದರ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ. ಕೊನೆಯ ಸಾಲೊಂದೇ ಸುಳ್ಳು: ಇವಳನ್ನು ನಿಮಗೆ ಕಳಿಸಿಕೊಡಲು ನನಗೆ ಸಂತೋಷವಾಗುತ್ತದೆ.