ಲೀಟಿಯಾ ಯಾರಿಗೂ ಕೊಡದ ಹೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ಇಳಿಯುವ ಬಯಲಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಲೀಟಿಯಾ ಕಾಲು ಚಾಚಿ ನೆಲದ ಮೇಲೆ ಕೂತಿದ್ದಾರೆ. ಎದೆಗೆ ಆನಿಸಿಕೊಂಡಿರುವುದು ಎರಡೂವರೆ ತಿಂಗಳ ಹೆಣ್ಣುಕೂಸು ಸಿಯಾಸಿಯನ್ನು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರೂ ಒಂದೊಂದು ಉಸಿರಿಗೂ ಮಗುವಿನ ಪಕ್ಕೆ ಒಳಕ್ಕೆ ಹೋಗುತ್ತಿದೆ. ರೋಗಿಗಳನ್ನು ಒಯ್ಯುವ ವಿಮಾನ ಹೊರಟಿದೆಯಂತೆ. ಆದರೆ ಗಾಳಿ ಏಳುತ್ತಿದೆ. ಇಳಿಯುತ್ತದೋ, ಮೇಲಿಂದಲೇ ವಾಪಸ್ ಹೋಗುತ್ತದೋ ಹೇಳುವವರಿಲ್ಲ.

“ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ರೆ ಮಗು ವಾಸಿ ಆಗುತ್ತಾ? ಬಾಗಿಲು ಹಾಕು, ಹಿಮ ಒಳಗೆ ಬರ್ತಿದೆ” ಎಂದು, ಅವರ ಬಗ್ಗೆ ಪೇಪರಿಗೆ ಬರೆಯಲು ಬಂದ ನನ್ನನ್ನೇ ಗದರುತ್ತಾರೆ. ಹಾಕುತ್ತೇನೆ.

ಐವತ್ತೆಂಟರ ಈ ಹೆಂಗಸಿನ ಕೆಲಸಕ್ಕೆ ಸರ್ಕಾರ ಇಟ್ಟಿರುವ ಹೆಸರು ‘ಬೆಂಗಾವಲು’. ಕೇಳಿದರೆ ಮಂತ್ರಿಯ ಕಾರಿನ ಹಿಂದೆ ಓಡುವವರ ನೆನಪಾಗುತ್ತದೆ. ಉತ್ತರ ತುದಿಯ ಹಿಮನಾಡಿನ ನಮ್ಮೂರಲ್ಲಿ ನರ್ಸ್ ಇದ್ದಾರೆ, ಡಾಕ್ಟರಿಲ್ಲ. ಚಳಿಗಾಲದಲ್ಲಿ ಕೂಸುಗಳ ಎದೆ ಕಟ್ಟಿದರೆ ದಕ್ಷಿಣದ ದೊಡ್ಡ ಆಸ್ಪತ್ರೆಗೆ ವಿಮಾನವೇ ಗತಿ. ಮಗುವಿನ ಜೊತೆ ಒಬ್ಬರಿಗೆ ಮಾತ್ರ ಜಾಗ. ತಾಯಿಗೆ ಹೋಗಲಾಗದಿದ್ದರೆ ಲೀಟಿಯಾ ಹೋಗುತ್ತಾರೆ. ಈ ಚಳಿಗಾಲದಲ್ಲಿ ಆರು ಕೂಸುಗಳನ್ನು ಕರೆದುಕೊಂಡು ಹೋಗಿದ್ದಾರೆ. ಐದು ಅವರ ಮಡಿಲಲ್ಲೇ ವಾಪಸ್ ಬಂದವು. ಒಂದು ಪೆಟ್ಟಿಗೆಯಲ್ಲಿ ಬಂತು.

ಯಾಕೆ ಇಷ್ಟೊಂದು ಮಕ್ಕಳು? ಸಿಯಾಸಿಯ ಮನೆಯನ್ನೇ ನೋಡಿ. ಮೂರು ಕೋಣೆ, ಹದಿಮೂರು ಜನ, ಗೋಡೆ ತುಂಬ ಬೂಷ್ಟು. ಒಬ್ಬರು ಕೆಮ್ಮಿದರೆ ವಾರದೊಳಗೆ ಮನೆಯೆಲ್ಲ ಕೆಮ್ಮುತ್ತದೆ. ಹೊಸ ಮನೆ ಕಟ್ಟಿಸುತ್ತೇವೆ ಎನ್ನುವ ಮಹಾನುಭಾವರು ಬೇಸಿಗೆಯಲ್ಲಿ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ನಾವು ತಿನ್ನುವ ಕಡಲಿನ ಸೀಲ್ ಮಾಂಸ ಕಂಡು ಮೂಗು ಮುರಿದು ಹೋಗುತ್ತಾರೆ. ನನಗಂತೂ ಮೈ ಉರಿಯುತ್ತದೆ. ಲೀಟಿಯಾ ಅವರಿಗೆ ಅದಕ್ಕೂ ಪುರುಸೊತ್ತಿಲ್ಲ.

“ಅಲ್ಲಿ ಹೋಗಿ ಏನ್ಮಾಡ್ತೀರಿ?” ಎಂದು ಕೇಳುತ್ತೇನೆ.

“ಹೆಸರು ಹಿಡಿದು ಕರೀತೀನಿ. ಇನ್ನೇನು ಮಾಡ್ಲಿ? ಔಷಧಿ ಅವರು ಕೊಡ್ತಾರೆ. ಮಗು ಯಾರು ಅಂತ ಅವರಿಗೇನು ಗೊತ್ತು?”

ನಮ್ಮಲ್ಲಿ ತೀರಿಕೊಂಡವರ ಹೆಸರು ಹುಟ್ಟಿದವರಿಗೆ ಹೋಗುತ್ತದೆ, ಹೆಣ್ಣು ಗಂಡು ಎಂಬ ಭೇದವಿಲ್ಲ. ಹೆಸರಿನ ಜೊತೆ ಸಂಬಂಧವೂ ಹೋಗುತ್ತದೆ. ಗಂಡನ ಹೆಸರು ಹೊತ್ತ ಮೊಮ್ಮಗುವಿಗೆ ಅಜ್ಜಿ “ರೀ, ಹಾಲು ಕುಡೀರಿ” ಎಂದರೆ ಯಾರೂ ನಗುವುದಿಲ್ಲ. ಕಾಯಿಲೆ ಜೋರಾದರೆ ಬಲ ಬರಲೆಂದು ಇನ್ನೊಂದು ಹೆಸರು ಸೇರಿಸುವುದೂ ಉಂಟು. ಯಂತ್ರಗಳ ನಡುವೆ ಮಲಗಿದ ಕೂಸನ್ನು ಹಾಗೆ ಸಂಬಂಧ ಹಿಡಿದು ಕರೆಯಲು ಅಲ್ಲಿರುವುದು ಲೀಟಿಯಾ ಒಬ್ಬರೇ.

ಬಾಗಿಲು ದಡಾರನೆ ತೆರೆಯುತ್ತದೆ. ಸಿಯಾಸಿಯ ತಾಯಿ ಊಲೂಟಿ, ಇಪ್ಪತ್ತರ ಹುಡುಗಿ, ಓಡಿ ಬಂದಿದ್ದಾಳೆ. ಅವಳ ದೊಡ್ಡ ಮಗನೂ ಇದೇ ಕೆಮ್ಮಿನಿಂದ ನರ್ಸಿನ ಬಳಿ ಮಲಗಿದ್ದಾನೆ. ಗಂಡ ದೂರದ ಗಣಿಯಲ್ಲಿದ್ದಾನೆ. ಇಬ್ಬರು ಮಕ್ಕಳಲ್ಲಿ ಯಾರ ಹತ್ತಿರ ಇರಬೇಕು ಆ ತಾಯಿ?

“ದೊಡ್ಡಮ್ಮ, ಇವಳಿಗೆ ಪಾಡ್ಲು ಹೆಸರು ಕೊಡು.”

ಲೀಟಿಯಾ ತಲೆ ಎತ್ತುವುದಿಲ್ಲ. ಪಾಡ್ಲು ಅವರ ಮಗ. ಐದು ತಿಂಗಳಿಗೇ ಎದೆ ಕಟ್ಟಿತ್ತು. ಆಗ ತಾಯಂದಿರನ್ನು ವಿಮಾನ ಹತ್ತಿಸುತ್ತಿರಲಿಲ್ಲ. ಅವನನ್ನು ಮಾತ್ರ ಒಯ್ದರು. ನಾಲ್ಕನೇ ದಿನ ಸುದ್ದಿ ಬಂತು. ಅಂದಿನಿಂದ ಆ ಹೆಸರನ್ನು ಊರಿನಲ್ಲಿ ಎಷ್ಟೋ ಮನೆಯವರು ಕೇಳಿದ್ದಾರೆ. ಲೀಟಿಯಾ ಯಾರಿಗೂ ಕೊಟ್ಟಿಲ್ಲ.

“ಬೇಡ ಕಣೇ. ಹೆಸರಿನ ಜೊತೆ ಅವನ ಎದೆಯೂ ಬಂದ್ಬಿಟ್ರೆ?”

“ಇದಕ್ಕಿಂತ ಇನ್ನೇನು ಕೆಡುತ್ತೆ, ನೋಡು ಇವಳನ್ನ!” ಊಲೂಟಿ ಅಳುತ್ತಲೇ ಜೋರು ಮಾಡುತ್ತಾಳೆ. “ಆವತ್ತು ನಿನ್ನನ್ನ ಹತ್ತಿಸಲಿಲ್ಲ. ಇವತ್ತು ಹತ್ತಿಸ್ತಾರಲ್ಲ. ನಿನ್ನ ಮಗನನ್ನ ನೀನೇ ಕರ್ಕೊಂಡು ಹೋಗು, ದೊಡ್ಡಮ್ಮ.”

ಅಷ್ಟರಲ್ಲಿ ವಿಮಾನದ ಸದ್ದು ಕೇಳುತ್ತದೆ. ಒಂದು ಸುತ್ತು ಹಾಕಿ, ಗಾಳಿಗೆ ಓಲಾಡುತ್ತ, ಹೇಗೋ ಇಳಿಯುತ್ತದೆ. ವಿಮಾನದ ನರ್ಸ್ ಒಳಗೆ ಬಂದವನೇ ಮಗುವಿನ ತುಟಿಯ ಬಣ್ಣ ನೋಡಿ “ಬೇಗ, ಬೇಗ” ಎನ್ನುತ್ತಾನೆ. ಲೀಟಿಯಾ ಎದ್ದು ನಿಲ್ಲುತ್ತಾರೆ. ಮಗುವಿನ ಕಿವಿಗೆ ಬಾಯಿ ತಾಗಿಸುತ್ತಾರೆ.

“ಪಾಡ್ಲು... ಪಾಡ್ಲು, ನಡಿಯೋ ಮಗನೇ. ಅವ್ವನೂ ಬರ್ತಿದ್ದೀನಿ.”

ಇಷ್ಟು ವರ್ಷಗಳಲ್ಲಿ ಲೀಟಿಯಾ ಅಳುವುದನ್ನು ನಾನು ಕಂಡಿದ್ದು ಇದೇ ಮೊದಲು. ಊಲೂಟಿ ಮಗುವಿನ ಪಾದಕ್ಕೆ ಮೂಗು ಒತ್ತಿ ಮುದ್ದಿಸಿ, ಹಿಂದೆ ತಿರುಗಿ ನೋಡದೆ, ದೊಡ್ಡ ಮಗನ ಕಡೆಗೆ ಓಡುತ್ತಾಳೆ.

ವಾರ ಕಳೆದ ಮೇಲೆ ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ಕೇಳಲು ಭಯ, ಆದ್ದರಿಂದ ಊಲೂಟಿಯ ದೊಡ್ಡ ಮಗ ಮನೆಗೆ ಬಂದ ಸುದ್ದಿಯನ್ನೇ ಮೊದಲು ಹೇಳುತ್ತೇನೆ.

“ಸುತ್ತು ಬಳಸ್ಬೇಡ, ಕೇಳು. ಇದ್ದಾನೆ” ಎನ್ನುತ್ತಾರೆ ಲೀಟಿಯಾ. “ಮೂರು ದಿನ ಆಸೆನೇ ಇರಲಿಲ್ಲ. ಉಸಿರು ಇನ್ನೂ ಯಂತ್ರದ್ದೇ. ಪಕ್ಕದ ಮಂಚದ ಕೂಸು ನಿನ್ನೆ ಹೋಯ್ತು. ಅದರ ಹತ್ರ ಯಾರೂ ಇರಲಿಲ್ಲ, ನಾನೇ ಕೈ ಹಿಡ್ಕೊಂಡೆ. ಅದರ ಹೆಸರೇನು ಅಂತಲೂ ಗೊತ್ತಿಲ್ಲ ನನಗೆ.”

ಆಮೇಲೆ ಅವರೇ ಮುಂದುವರಿಸುತ್ತಾರೆ.

“ಇಲ್ಲಿನ ನರ್ಸು, ಮಗು ನಿಮಗೇನಾಗ್ಬೇಕು ಅಂದ್ಲು. ಯಾವಾಗ್ಲೂ ‘ನಮ್ಮೂರಿಂದು’ ಅಂತಿದ್ದೆ. ಈ ಸಲ ‘ನನ್ನ ಮಗ’ ಅಂದೆ. ಹೆಣ್ಣು ಮಗು ಅಲ್ವಾ ಅಂತ ಒಂಥರಾ ನೋಡಿದ್ಲು. ನೋಡ್ಲಿ ಬಿಡು.”

“ನಿಮಗೆ ಏನು ಬೇಕು ಅಂತ ಪೇಪರಿಗೆ ಬರೀಲಿ?” ಎನ್ನುತ್ತೇನೆ.

“ನಂಗೇನು ಬೇಕು? ನಾಳೆ ಬೆಳಿಗ್ಗೆ ಬಾಯಿಂದ ಆ ಕೊಳವೆ ತೆಗೆದು ನೋಡ್ತಾರಂತೆ. ತಾಯಿ ಬೇಕಾದ್ರೆ ಪಕ್ಕದಲ್ಲೇ ನಿಲ್ಲಬಹುದು ಅಂದಿದ್ದಾರೆ. ನಿಂತ್ಕೊತೀನಿ.”