ಅತ್ತರಿನ ಸೀಸೆಗೆ ಸುರಿದ ಹಳದಿ ನೀರು

ನೇಸರಗಿಯ ಖಾಸಿಮಸಾಬರು ಮೊದಲು ಹತ್ತಿ ಲಾರಿ ಓಡಿಸುತ್ತಿದ್ದರು, ಆಮೇಲೆ ಬಾಡಿಗೆ ಜೀಪು ಇಟ್ಟುಕೊಂಡರು. ಕತ್ತಲ ಘಾಟಿಗೆ ಹೆದರದ ಅವರು ಹಲ್ಲಿಗೆ ಹೆದರುತ್ತಿದ್ದರು. 2008ರ ಬೇಸಿಗೆಯಲ್ಲಿ ಅವರ ಜೀಪು ಉಡ ಹಿಡಿಯುವವರಿಗೇ ಬಾಡಿಗೆಗೆ ಹೋಯಿತು.

ಧಾರವಾಡದ ಸಂಶೋಧಕಿ ಸ್ನೇಹಲ್ ಅರಣ್ಯ ಇಲಾಖೆಯ ಅನುಮತಿ ಪಡೆದು ನವಿಲುತೀರ್ಥದ ಗುಡ್ಡಗಳಲ್ಲಿ ಉಡ ಹಿಡಿಸುತ್ತಿದ್ದರು. ಸ್ವಲ್ಪ ರಕ್ತ ತೆಗೆದುಕೊಂಡು ಉಡವನ್ನು ಅಲ್ಲೇ ಬಿಡುತ್ತಿದ್ದರು. ಹಿಡಿಯುವ ಕೆಲಸ ಸೋಮಪ್ಪನದು.

"ಇಳೀರಿ ಚಾಚಾ. ನಿಮ್ಮ ಗಡ್ಡಾ ಕಂಡ್ರ ಉಡಾನ ಓಡಿ ಹೊಕ್ಕೈತಿ," ಎಂದು ಅವನು ಕೆಣಕುತ್ತಿದ್ದ.

"ನೀ ಉಡಾ ಹಿಡಿಯೋ ಮಾರಾಯಾ, ನಾ ಸ್ಟೇರಿಂಗ್ ಹಿಡಕೊಂಡ ಕುಂಡ್ರತೇನಿ."

ಈ ರಕ್ತ ಯಾಕೆ ಎಂದು ಖಾಸಿಮಸಾಬರು ಒಮ್ಮೆ ಕೇಳಿದರು. ಸ್ನೇಹಲ್ ಹೇಳಿದರು: "ಕೊಳತದ್ದು ತಿಂತೈತಿ, ಗಾಯ ಆದ್ರೂ ಕೆಸರಾಗ ಹೊಳ್ಳಾಡತೈತಿ. ಆದ್ರ ಆ ಗಾಯ ಕೀವಾಗೂದು ಕಡಿಮಿ. ಇದರ ರಕ್ತದಾಗ ಕ್ರಿಮಿ ಕೊಲ್ಲೂವಂಥಾದ್ದು ಏನರ ಐತೇನು ಅಂತ ನೋಡಾಕ ಹತ್ತೇವಿ. ಹೊರದೇಶದಾಗ ಮೊಸಳಿ ರಕ್ತದಾಗ ಕಂಡಾರ್ರಿ."

"ಔಷಧ ಯಾವಾಗ ಆಗ್ತೈತ್ರಿ ಬಾಯಿ?"

"ಆದ್ರ ಆತು, ಇಲ್ಲಾಂದ್ರ ಇಲ್ಲ. ವರ್ಷಗಟ್ಟಲೆ ಹಿಡಿತೈತಿ ಚಾಚಾ."

ಅಷ್ಟು ಸಮಯ ಖಾಸಿಮಸಾಬರ ಹೆಂಡತಿ ರಹೀಮಬಿಗೆ ಇರಲಿಲ್ಲ. ಸಕ್ಕರೆ ಕಾಯಿಲೆಯ ಆಕೆಯ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ ಆದ ಗಾಯ ಯಾವ ಗುಳಿಗೆಗೂ, ಯಾವ ಇಂಜೆಕ್ಷನ್ನಿಗೂ ಬಗ್ಗುತ್ತಿರಲಿಲ್ಲ. ಬೆಳಗಾವಿಯ ಡಾಕ್ಟರು ಕೊನೆಯದೆಂದು ಹೊಸ ಔಷಧಿ ಬರೆದುಕೊಟ್ಟು, ಇದೂ ಹಿಡಿಯದಿದ್ದರೆ ಪಾದ ತೆಗೆಯಬೇಕು ಎಂದಿದ್ದರು.

ಅಂದು ಸಂಜೆ ಮುನವಳ್ಳಿಯಲ್ಲಿ ಉಳಿದವರು ಚಹಾಕ್ಕೆ ಇಳಿದಾಗ, ಖಾಸಿಮಸಾಬರು ಸ್ನೇಹಲ್ ನಳಿಕೆಗಳನ್ನು ಇಡುತ್ತಿದ್ದ ಮಂಜುಗಡ್ಡೆಯ ಪೆಟ್ಟಿಗೆ ತೆರೆದು, ಹಳದಿ ನೀರಿದ್ದ ಒಂದು ನಳಿಕೆ ತೆಗೆದುಕೊಂಡರು. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ಹಳದಿ ನೀರನ್ನು ಸ್ನೇಹಲ್ ಬೇರೆ ಮಾಡಿ ಇಡುವುದನ್ನು ಅವರು ನೋಡಿದ್ದರು. ಆದರೆ ರಕ್ತ ನಾಪಾಕ್, ಅಶುದ್ಧ, ಅದೂ ಉಡದ್ದು. ಗೊತ್ತಾದರೆ ರಹೀಮಬಿ ಮೈಗೆ ಸೋಕಿಸುವವಳಲ್ಲ, ಆಮೇಲೆ ನಮಾಜಿಗೆ ನಿಲ್ಲುವವಳೂ ಅಲ್ಲ. ಆದ್ದರಿಂದ ಅವರು ಅದನ್ನು ಖಾಲಿ ಅತ್ತರಿನ ಸೀಸೆಗೆ ಸುರಿದು, ನಳಿಕೆಯನ್ನು ಮಲಪ್ರಭೆಯ ಕಾಲುವೆಗೆ ಎಸೆದರು. ಮನೆಯಲ್ಲಿ, "ದೊಡ್ಡ ಡಾಕ್ಟರು ಕಳಿಸ್ಯಾರ. ಮುಂಜಾನೆ ಪಟ್ಟಿ ಬಿಚ್ಚಿದಾಗ ಹಾಕ್ಕೊ," ಎಂದರು.

ಮರುದಿನ ಬೆಳಿಗ್ಗೆ ಜೀಪು ಸವದತ್ತಿ ದಾಟಿತ್ತು. ಪೆಟ್ಟಿಗೆ ಜಾರಿದ್ದನ್ನು ಕಂಡು ಖಾಸಿಮಸಾಬರು ಒಂದು ಕೈ ಹಿಂದೆ ಚಾಚಿದರು.

"ಹುಷಾರ್ರಿ ಚಾಚಾ!" ಸ್ನೇಹಲ್ ಕೈ ತಡೆದರು. "ಒಡದ್ರ ಮುಟ್ಟಬ್ಯಾಡ್ರಿ. ಒಂದ್ ಸಾಲು ರಕ್ತದ ನೀರು. ಇನ್ನೊಂದು ಸಾಲು ಉಡದ ಬಾಯಾಗಿನ ಕ್ರಿಮಿ, ಬೆಳಸಾಕ ಸಾರಿನಾಗ ಇಟ್ಟೇವಿ. ಅದರ ಮ್ಯಾಲೆ ಈ ನೀರು ಹಾಕಿ ನೋಡಬೇಕಲ್ಲ, ಸಾಯ್ತಾವೋ ಇಲ್ಲೋ ಅಂತ."

ಜೀಪು ರಸ್ತೆಯ ಬದಿಗೆ ಹೋಗಿ ನಿಂತಿತು.

"ಆ ಸಾರು ಯಾವ ಬಣ್ಣದ್ದರಿ ಬಾಯಿ?"

"ಅದೂ ಹಳದೀನ. ಯಾಕ್ರಿ?"

ಅವರು ಎಲ್ಲವನ್ನೂ ಹೇಳಿದರು. ನಿನ್ನೆಯ ನಳಿಕೆಗಳನ್ನು ಇನ್ನೂ ಎಣಿಸಿ ಬರೆದಿಟ್ಟಿರದ ಸ್ನೇಹಲ್ ಬೈಯಲಿಲ್ಲ, ಒಂದೇ ಮಾತು ಕೇಳಿದರು. "ಮುಚ್ಚಳ ಕೆಂಪಿತ್ತೋ, ನೀಲಿ ಇತ್ತೋ? ನೀಲಿ ಇದ್ರ ಕ್ರಿಮೀದು."

ಖಾಸಿಮಸಾಬರು ಕಣ್ಣು ಮುಚ್ಚಿದರು. ಹಳದಿ ನೀರು ಕಂಡಿತು, ಸೀಸೆಯ ಸಣ್ಣ ಬಾಯಿ ಕಂಡಿತು, ಅದರಿಂದ ಎದ್ದ ಮಲ್ಲಿಗೆ ವಾಸನೆಯೂ ನೆನಪಾಯಿತು. ಮುಚ್ಚಳ ಮಾತ್ರ ಕಾಣಲಿಲ್ಲ.

ಅವರು ಮನೆ ಸೇರುವಷ್ಟರಲ್ಲಿ ರಹೀಮಬಿ ಗಾಯಕ್ಕೆ ಹಾಕಿಕೊಂಡು ಪಟ್ಟಿ ಕಟ್ಟಿಯಾಗಿತ್ತು. ಕಾದಾರಿಸಿದ ನೀರಿನಲ್ಲಿ ಗಾಯ ತೊಳೆದು ಬೆಳಗಾವಿಗೆ ಕರೆದೊಯ್ದರು. ದಾರಿಯಲ್ಲೇ ಆಕೆ ಚಳಿಜ್ವರ ಹತ್ತಿ ನಡುಗತೊಡಗಿದಳು. ಜ್ವರ ಹಳೆಯ ಗಾಯದ್ದೋ ಹೊಸ ನೀರಿನದೋ, ಯಾರಿಗೂ ತಿಳಿಯದು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಬರೀ ಹಳೇ ಗಾಯದ್ದಾಗಿದ್ರ ಹೊಸಾ ಔಷಧಿಗೆ ಇನ್ನೊಂದೆರಡು ದಿನಾ ಕೊಡತಿದ್ದೆ. ಇದರಾಗ ಏನೈತಿ ಅಂತ ಗೊತ್ತಿಲ್ಲದ ಹೆಂಗ ಕಾಯ್ಲಿ ಹೇಳ್ರಿ?"

ಖಾಸಿಮಸಾಬರು ಕಾಗದಕ್ಕೆ ಸಹಿ ಹಾಕಿದರು. ಅಂದೇ ಪಾದ ತೆಗೆದರು.

ಸೀಸೆಯಲ್ಲಿ ಉಳಿದ ಹನಿಗಳನ್ನು ಸ್ನೇಹಲ್ ಪರೀಕ್ಷೆಗೆ ಒಯ್ದಿದ್ದರು. ಮುಂದಿನ ವಾರ ಫೋನ್ ಬಂತು. ಸೀಸೆಯ ಹನಿಗಳಲ್ಲಿ ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ಅದು ರಕ್ತದ ನೀರೇ ಆಗಿತ್ತು.

ಖಾಸಿಮಸಾಬರು ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಹೆಂಡತಿಗೆ ಎಲ್ಲವನ್ನೂ ಹೇಳಿದರು, ಉಡ, ಪೆಟ್ಟಿಗೆ, ಕಾಲುವೆ, ಡಾಕ್ಟರು ಕಾಯಲಾಗದೆ ಹೋದ ಎರಡು ದಿನ, ಕೊನೆಗೆ ಆ ಫೋನು. ರಹೀಮಬಿ ಚಾದರವನ್ನು ಮೊಣಕಾಲಿನವರೆಗೆ ಎಳೆದುಕೊಂಡಳು.

"ರಕ್ತ ಅಂತ ಹೇಳಿದ್ರ ನಾ ಹಾಕ್ಕೋತಿದ್ದಿಲ್ಲ, ನಾಸಿರನ ಅಬ್ಬಾ."

"ಅದಕ್ಕಽ ಹೇಳಲಿಲ್ಲ."

"ಅದು ಬರೀ ರಕ್ತದ ನೀರಽ ಇತ್ತು ಅಂದ್ರ, ಮತ್ತ ನನ್ನ ಕಾಲು..."

ಖಾಸಿಮಸಾಬರು ನೀರು ತರುವ ನೆಪದಲ್ಲಿ ಎದ್ದರು. ಮುಂದೆ ಎಷ್ಟೋ ವರ್ಷ, ಮನೆಯಲ್ಲಿ ಇಬ್ಬರೇ ಉಳಿದಾಗಲೆಲ್ಲ ಅವರು ಹೀಗೆಯೇ ಏನೋ ಒಂದು ಕೆಲಸ ಹುಡುಕಿಕೊಂಡು ಏಳುತ್ತಿದ್ದರು.